ನೀರು ಬಿಡೋರಿಗೆ ನಾವು ಬಾಕಿ ಇದ್ದೀವಿ

ಬಸ್ಸಲ್ಲಿ ನಿಂತು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ನಿದ್ದೆ ಬರದೆ ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮೂರಲ್ಲಿ ನಲ್ಲಿಗೆ ನೀರು ಬಿಡೋರು ಯಾರು? ಅವರ ಹೆಸರು ಗೊತ್ತಾ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ನಮ್ಮೂರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. 1997ರವರೆಗೂ ನಾವು ಚಿತ್ರದುರ್ಗ ಜಿಲ್ಲೆ, ಆಮೇಲೆ ದಾವಣಗೆರೆ. ಜಿಲ್ಲೆ ಬದಲಾಯ್ತು, ಬರ ಬದಲಾಗಲಿಲ್ಲ. ಇದೇ ಜಿಲ್ಲೆಯ ಭದ್ರಾ ನಾಲೆ ಭಾಗದಲ್ಲಿ ಭತ್ತ, ಅಡಿಕೆ. ನಮ್ಮ ಕಡೆ ಮಳೆ ನಂಬಿದ ಮೆಕ್ಕೆಜೋಳ, ಶೇಂಗಾ. 2023ರಲ್ಲಿ ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸ್ತು. ಆಗ ಇಡೀ ರಾಜ್ಯಕ್ಕೆ ಅದು ಸುದ್ದಿ, ನಮಗೆ ಹಳೇ ನೆಂಟ.

ಹೌದು, ಈಗ ಸ್ವಲ್ಪ ಆಸೆ ಬಂದಿದೆ. ಹರಿಹರದ ಹತ್ರ ದೀಟೂರಿನಿಂದ ತುಂಗಭದ್ರೆ ನೀರನ್ನ ಎತ್ತಿ ಜಗಳೂರು ಭಾಗದ 57 ಕೆರೆ ತುಂಬಿಸೋ ಯೋಜನೆ ಇದೆ. ಅದರ ಬಗ್ಗೆ ಎಲ್ಲರೂ ಮಾತಾಡ್ತಾರೆ, ಮಾತಾಡಲೂಬೇಕು. ಆದ್ರೆ ಎಷ್ಟೇ ದೊಡ್ಡ ಯೋಜನೆ ಬಂದ್ರೂ, ಕೊನೆಗೆ ನಮ್ಮ ಬಿಂದಿಗೆಗೆ ನೀರು ಬೀಳಬೇಕಂದ್ರೆ ಒಬ್ಬ ಮನುಷ್ಯ ಹೋಗಿ ಗೇಟ್‌ವಾಲ್ ತಿರುಗಿಸಲೇಬೇಕು. ಅವರೇ ಪಂಚಾಯಿತಿ ವಾಟರ್‌ಮನ್. ನಮ್ಮ ಹಿರಿಯರ ಮಾತಲ್ಲಿ ನೀರುಗಂಟಿ.

ಅವರ ಕೆಲಸ ಏನು ಗೊತ್ತಾ? ತ್ರೀ ಫೇಸ್ ಕರೆಂಟ್ ರಾತ್ರಿ ಎರಡು ಗಂಟೆಗೆ ಬಂದ್ರೆ, ಎರಡು ಗಂಟೆಗೇ ಎದ್ದು ಮೋಟರ್ ಹಾಕಬೇಕು. ಓವರ್‌ಹೆಡ್ ಟ್ಯಾಂಕ್ ತುಂಬಿಸಬೇಕು, ತೊಳೀಬೇಕು, ಬ್ಲೀಚಿಂಗ್ ಪೌಡರ್ ಹಾಕಬೇಕು. ಪೈಪ್ ಒಡೆದ್ರೆ ಗುಂಡಿಗಿಳಿದು ಹಳೇ ಸೈಕಲ್ ಟ್ಯೂಬ್ ಸುತ್ತಬೇಕು. ಎಲ್ಲಕ್ಕಿಂತ ಕಷ್ಟದ್ದು ಹಂಚೋದು. ಟ್ಯಾಂಕ್ ಹತ್ರದ ಬೀದಿಗೆ ನೀರು ಜೋರಾಗಿ ಬರುತ್ತೆ. ಊರ ಕೊನೆಯ ಕೇರಿಗೆ ಹನಿಹನಿ. ಮೊದಲ ಬೀದಿಯ ವಾಲ್ ಯಾವಾಗ ಮುಚ್ಚಬೇಕು, ಕೊನೆಯ ಕೇರಿಗೆ ಎಷ್ಟು ಹೊತ್ತು ಬಿಡಬೇಕು, ಈ ಲೆಕ್ಕ ಅವರ ತಲೇಲಿ ಇರುತ್ತೆ. ಮುಚ್ಚಿದ್ರೆ ಈ ಬೀದಿಯವರ ಬೈಗುಳ, ಮುಚ್ಚದಿದ್ರೆ ಆ ಕೇರಿಯವರ ಬೈಗುಳ. ಇದರ ಜೊತೆಗೆ ನಮ್ಮ ಭಾಗದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಬೇರೆ.

ನೀರುಗಂಟಿ ಹೊಸ ಹುದ್ದೆ ಏನಲ್ಲ. ಹಿಂದೆ ಕೆರೆಯ ತೂಬು ತೆಗೆದು, ಮೇಲಿನ ಗದ್ದೆಗೂ ಕೊನೆಯ ಗದ್ದೆಗೂ ನೀರು ತಲುಪಿಸ್ತಿದ್ದವರು ಅವರೇ. ಊರಿನ ಹನ್ನೆರಡು ಆಯಗಾರರಲ್ಲಿ ಒಬ್ಬರು. ಸುಗ್ಗಿಯಲ್ಲಿ ಧಾನ್ಯ ಮನೆ ಸೇರೋ ಮೊದಲೇ ಕಣದಲ್ಲಿ ಅವರ ಪಾಲು ಅಳೆದು ಕೊಡ್ತಿದ್ರು. ಹಳೇದೆಲ್ಲಾ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಹಲವು ಕಡೆ ಈ ಕೆಲಸ ದಲಿತ ಕುಟುಂಬಗಳದ್ದೇ ಆಗಿತ್ತು. ಊರಿಗೆಲ್ಲಾ ನೀರು ಹಂಚಿದವರಿಗೆ ಊರಲ್ಲಿ ಸಮಾನ ಜಾಗ ಇರಲಿಲ್ಲ. ಅದು ಹೋಗಬೇಕಿತ್ತು. ಆದ್ರೆ ಮೊದಲು ಅವರ ಪಾಲು, ಆಮೇಲೆ ನಮ್ಮ ಮನೆ ಅನ್ನೋ ಆ ಕ್ರಮ ಇದೆಯಲ್ಲಾ, ಅದು ಹೋಗಬಾರದಿತ್ತು. ಈಗ ಸಂಬಳ ತಿಂಗಳುಗಟ್ಟಲೆ ಬಾಕಿ ಅಂತ ಗ್ರಾಮ ಪಂಚಾಯಿತಿ ನೌಕರರು ಧರಣಿ ಕೂತ ಸುದ್ದಿ ಆಗಾಗ ಓದ್ತೀವಿ.

ನಾನು ಬಿಕಾಂ ಓದಿದವನು. ನಮಗೆ ಅಕೌಂಟ್ಸ್‌ನಲ್ಲಿ ಮೊದಲೇ ಹೇಳಿಕೊಡ್ತಾರೆ: ಸೇವೆ ಪಡೆದಾಗಿದೆ, ದುಡ್ಡು ಕೊಟ್ಟಿಲ್ಲ ಅಂದ್ರೆ ಅದು ಸಾಲ, ಪುಸ್ತಕದಲ್ಲಿ ತೋರಿಸಲೇಬೇಕು. ವಾಟರ್‌ಮನ್ ಸಂಬಳ ಬಾಕಿ ಇದ್ದಾಗ ಪಂಚಾಯಿತಿ ಸಾಲದಲ್ಲಿದೆ. ಪಂಚಾಯಿತಿ ಅಂದ್ರೆ ಯಾರು? ನಾವೇ.

ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಹರೇಕಳ ಹಾಜಬ್ಬರಿಗೆ 2020ರಲ್ಲಿ. ನಾವು ವಿಡಿಯೋ ಶೇರ್ ಮಾಡಿದ್ವಿ, ಕಣ್ಣು ತುಂಬಿಕೊಂಡ್ವಿ, ಒಳ್ಳೇದೇ. ಆದ್ರೆ ವಾಟರ್‌ಮನ್ ಕೆಲಸದಲ್ಲಿ ವಿಡಿಯೋ ಮಾಡೋಕೆ ಏನೂ ಸಿಗಲ್ಲ. ಅದು ಸರಿಯಾಗಿ ನಡೆದ ದಿನ ಏನೂ ಆಗಲ್ಲ. ಬಿಂದಿಗೆ ತುಂಬುತ್ತೆ, ಮಕ್ಕಳು ಸ್ನಾನ ಮಾಡಿ ಶಾಲೆಗೆ ಹೋಗ್ತಾರೆ, ಅಷ್ಟೇ. ನೀರು ಬರದ ದಿನ ಮಾತ್ರ ಎಲ್ಲರಿಗೂ ಅವರ ನಂಬರ್ ನೆನಪಾಗುತ್ತೆ. ನಮ್ಮ ಬದುಕನ್ನ ರೂಪಿಸಿದವರು ಅಂದಾಗ ಮೇಷ್ಟ್ರು, ಅಪ್ಪ, ಅಮ್ಮ ಅಂತೀವಿ. ನಾನು ಆ ಲಿಸ್ಟಿಗೆ ಇವರನ್ನೂ ಸೇರಿಸ್ತೀನಿ. ನೀರು ಮನೆ ಬಾಗಿಲಿಗೆ ಬಂದಿದ್ದರಿಂದಲೇ ಎಷ್ಟೋ ಹೆಣ್ಣುಮಕ್ಕಳು ಕೊಡ ಬಿಟ್ಟು ಪುಸ್ತಕ ಹಿಡಿದಿದ್ದಾರೆ.

ಹಾಗಾದ್ರೆ ನಾವೇನು ಮಾಡೋದು? ಥ್ಯಾಂಕ್ಸ್ ಹೇಳಿ, ಖಂಡಿತ ಹೇಳಿ. ಹೆಸರು ಹಿಡಿದು ಮಾತಾಡಿಸಿ. ಆದ್ರೆ ಅಲ್ಲಿಗೇ ನಿಲ್ಲಿಸಬೇಡಿ. ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದ್ರೂ ನಡೀಬೇಕು. ಮುಂದಿನ ಸಲ ಊರಲ್ಲಿದ್ರೆ ಹೋಗಿ. ರಸ್ತೆ, ಚರಂಡಿ, ಬೀದಿ ದೀಪ ಎಲ್ಲಾ ಕೇಳಿ. ಜೊತೆಗೆ ಎದ್ದು ನಿಂತು ಇನ್ನೊಂದು ಪ್ರಶ್ನೆ ಕೇಳಿ: “ನಮ್ಮ ವಾಟರ್‌ಮನ್‌ಗೆ ಹೋದ ತಿಂಗಳ ಸಂಬಳ ಆಗಿದೆಯಾ?” ಉತ್ತರ ಬರೋವರೆಗೂ ಕೂರಬೇಡಿ.

ಮುಂದಿನ ವಾರ ಸಿಗೋಣ. ನೀರು ಕುಡೀರಿ, ಆರಾಮಾಗಿರಿ.