ಊಟದ ಮೇಜಿನ ಮೇಲೆ ಹಳೆಯ ಪುಸ್ತಕಗಳು



ಅಂಚೆಚೀಟಿ, ನಾಣ್ಯ, ಹಳೆಯ ಮೋಟಾರುಕಾರು, ಯಾವುದರ ಸಂಗ್ರಹವೇ ಆಗಲಿ, ಅಮೆರಿಕದ ಸಂಗ್ರಾಹಕರ ಕೂಟಗಳಲ್ಲಿ ಬಹುಕಾಲ ಒಂದು ಏರ್ಪಾಡು ಇತ್ತು. ಗಂಡಸರು ಸಭಾಂಗಣದಲ್ಲಿ ತಮ್ಮ ಸಂಗ್ರಹಗಳನ್ನು ಹರಡಿಕೊಂಡು ಚರ್ಚೆಗೆ ಕೂರುತ್ತಿದ್ದರು. ಜೊತೆಯಲ್ಲಿ ಬಂದ ಹೆಂಗಸರಿಗೆ ಊರು ನೋಡುವುದು, ಮಧ್ಯಾಹ್ನದ ಊಟ, ಚಹಾಕೂಟ ಎಂದು ಬೇರೆ ಕಾರ್ಯಕ್ರಮ. ಗಂಡಸರ ಕೆಲಸ ಮುಗಿಯುವವರೆಗೆ ಇವರ ಹೊತ್ತು ಹೋಗಲಿ ಎಂಬುದಷ್ಟೇ ಅದರ ಉದ್ದೇಶ. ಆದರೆ ಆ ಊಟ, ಆ ಚಹಾದ ಹೊತ್ತನ್ನೇ ವಿದ್ವತ್ತಿನ ಕೆಲಸಕ್ಕೆ ಬಳಸಿಕೊಂಡ ಸಂಘವೊಂದು ನ್ಯೂಯಾರ್ಕಿನಲ್ಲಿತ್ತು. 1944ರಲ್ಲಿ ಹುಟ್ಟಿ 2004ರವರೆಗೆ ನಡೆದ ಅದರ ಹೆಸರು ಹ್ರೋಸ್ವಿಥಾ ಕ್ಲಬ್. ಅಪರೂಪದ ಪುಸ್ತಕಗಳನ್ನು ಸಂಗ್ರಹಿಸುವ ಮಹಿಳೆಯರ ಸಂಘ ಅದು.

ಅದು ಯಾಕೆ ಹುಟ್ಟಿತೆಂದು ತಿಳಿಯಲು ಅದೇ ಊರಿನ ಇನ್ನೊಂದು ಸಂಘವನ್ನು ನೋಡಬೇಕು. 1884ರಲ್ಲಿ ಒಂಬತ್ತು ಮಂದಿ ಪುಸ್ತಕಪ್ರಿಯರು ಸೇರಿ ಗ್ರೋಲಿಯರ್ ಕ್ಲಬ್ ಸ್ಥಾಪಿಸಿದರು. ಹದಿನಾರನೆಯ ಶತಮಾನದ ಫ್ರೆಂಚ್ ಸಂಗ್ರಾಹಕ ಜ್ಯಾನ್ ಗ್ರೋಲಿಯೆಯ ಹೆಸರು ಅದಕ್ಕೆ. ತನ್ನ ಪುಸ್ತಕಗಳ ರಟ್ಟಿನ ಮೇಲೆ ಆತ, ಇದು ಗ್ರೋಲಿಯೆಯದು ಮತ್ತು ಅವನ ಸ್ನೇಹಿತರದು ಎಂಬ ಅರ್ಥದ ಮಾತನ್ನು ಲ್ಯಾಟಿನ್ನಿನಲ್ಲಿ ಅಚ್ಚೊತ್ತಿಸುತ್ತಿದ್ದ. ಉದಾರವಾದ ಮಾತೇ ಸರಿ. ಆದರೆ ಅವನ ಹೆಸರಿನ ಕ್ಲಬ್ಬಿನಲ್ಲಿ ಆ ‘ಸ್ನೇಹಿತರ’ ಸಾಲಿಗೆ ಹೆಂಗಸರು ಸೇರಿದ್ದು 92 ವರ್ಷಗಳ ನಂತರ, 1976ರಲ್ಲಿ. ಅಲ್ಲಿಯವರೆಗೆ ಅವರಿಗೆ ಅಲ್ಲಿ ಪ್ರದರ್ಶನ ನೋಡಲು ಅಡ್ಡಿಯಿರಲಿಲ್ಲ, ನೌಕರಿ ಮಾಡಲೂ ಅಡ್ಡಿಯಿರಲಿಲ್ಲ, ಸದಸ್ಯತ್ವ ಮಾತ್ರ ಇಲ್ಲ. ರೂತ್ ಗ್ರ್ಯಾನಿಸ್ ಎಂಬ ವಿದುಷಿ ದಶಕಗಳ ಕಾಲ ಆ ಕ್ಲಬ್ಬಿನ ಗ್ರಂಥಪಾಲಕಿಯಾಗಿದ್ದರು. ಸದಸ್ಯರು ಏನಾದರೂ ತಿಳಿಯಬೇಕೆಂದರೆ ಇವರನ್ನೇ ಕೇಳಬೇಕು. ಆದರೆ ಇವರು ಸದಸ್ಯೆಯಾಗುವಂತಿರಲಿಲ್ಲ.

1944ರಲ್ಲಿ ಸೇರಾ ಗಿಲ್ಡರ್‌ಸ್ಲೀವ್ ಫೈಫ್ ಎಂಬವರ ಮುಂದಾಳತ್ವದಲ್ಲಿ ಕೆಲವು ಮಹಿಳೆಯರು ಸೇರಿ ತಮ್ಮದೇ ಸಂಘ ಕಟ್ಟಿದಾಗ ರೂತ್ ಗ್ರ್ಯಾನಿಸ್ ಅವರೂ ಬಂದರು. ನಿಷೇಧಕ್ಕೊಳಗಾದ ಪುಸ್ತಕಗಳ ಬಗ್ಗೆ ಬರೆದ ಆ್ಯನ್ ಲಯನ್ ಹೈಟ್, ಸಸ್ಯಶಾಸ್ತ್ರದ ಹಳೆಯ ಗ್ರಂಥಗಳನ್ನು ಸಂಗ್ರಹಿಸುತ್ತಿದ್ದ ಪಿಟ್ಸ್‌ಬರ್ಗಿನ ರೇಚಲ್ ಹಂಟ್, ಷೇಕ್ಸ್‌ಪಿಯರ್ ಗ್ರಂಥಸೂಚಿಯ ತಜ್ಞೆ ಹೆನ್ರಿಯೆಟಾ ಬಾರ್ಟ್‌ಲೆಟ್ ಮೊದಲಾದವರು ಆ ಬಳಗದಲ್ಲಿದ್ದರು.

ಹೊರಗಿನವರ ಕಣ್ಣಿಗೆ ಅದು ಸ್ಥಿತಿವಂತ ಮನೆತನದ ಹೆಂಗಸರ ಊಟದ ಕೂಟ. ಒಮ್ಮೆ ಒಬ್ಬರ ಮನೆಯಲ್ಲಿ, ಇನ್ನೊಮ್ಮೆ ಯಾವುದಾದರೂ ಗ್ರಂಥಾಲಯದಲ್ಲಿ ಸೇರುವುದು, ಊಟ ಮಾಡುವುದು, ಸಂಗ್ರಹ ನೋಡುವುದು, ಅದರ ಬಗ್ಗೆ ಒಂದು ಉಪನ್ಯಾಸ ಕೇಳುವುದು. ಇದರಲ್ಲೇನು ವಿಶೇಷ ಎನಿಸಬಹುದು. ವಿಶೇಷವಿರುವುದು ಹಳೆಯ ಪುಸ್ತಕಗಳ ಸ್ವಭಾವದಲ್ಲಿ. ಕೈಯಿಂದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಅಚ್ಚಾಗುತ್ತಿರುವಾಗಲೇ ತಪ್ಪು ಕಂಡರೆ ಯಂತ್ರ ನಿಲ್ಲಿಸಿ ತಿದ್ದುತ್ತಿದ್ದರು. ಆದರೆ ಅದಕ್ಕೆ ಮೊದಲು ಅಚ್ಚಾದ ಹಾಳೆಗಳನ್ನು ಎಸೆಯುತ್ತಿರಲಿಲ್ಲ. ಕಾಗದ ದುಬಾರಿ. ಹೀಗಾಗಿ ಒಂದೇ ಮುದ್ರಣದ ಎರಡು ಪ್ರತಿಗಳು ಕೂಡ ಒಂದೇ ರೀತಿ ಇರುವುದಿಲ್ಲ. ಒಂದರಲ್ಲಿರುವ ಪದ ಇನ್ನೊಂದರಲ್ಲಿ ಬೇರೆಯಾಗಿರಬಹುದು. ಯಾವುದೋ ಹಾಳೆ ಕಳೆದಿರಬಹುದು, ಯಾರೋ ಹೊಸದನ್ನು ಸೇರಿಸಿರಬಹುದು. ಇವುಗಳನ್ನು ಕಂಡುಹಿಡಿಯಲು ಪ್ರತಿಯನ್ನು ಕೈಯಲ್ಲಿ ಹಿಡಿದು ಪುಟಪುಟವಾಗಿ ನೋಡದೆ ಗತಿಯಿಲ್ಲ. ಆ ಪ್ರತಿಯಾದರೋ ಯಾರದೋ ಮನೆಯ ಕಪಾಟಿನಲ್ಲಿ ಬೀಗದೊಳಗಿರುತ್ತದೆ!

ಹೆನ್ರಿಯೆಟಾ ಬಾರ್ಟ್‌ಲೆಟ್ ಇಂಗ್ಲೆಂಡಿನ ಎ. ಡಬ್ಲ್ಯು. ಪೊಲಾರ್ಡ್ ಅವರೊಡನೆ 1916ರಲ್ಲಿ ಪ್ರಕಟಿಸಿದ ಗ್ರಂಥ ಇದಕ್ಕೆ ಒಳ್ಳೆಯ ಉದಾಹರಣೆ. 1594ರಿಂದ 1709ರವರೆಗೆ ಬಿಡಿಬಿಡಿಯಾಗಿ ಅಚ್ಚಾದ ಷೇಕ್ಸ್‌ಪಿಯರ್ ನಾಟಕಗಳ ಉಳಿದಿರುವ ಪ್ರತಿಗಳ ಗಣತಿ ಅದು. ಯಾವ ಪ್ರತಿ ಎಲ್ಲಿದೆ, ಯಾರ ಒಡೆತನದಲ್ಲಿದೆ ಎಂಬುದನ್ನೆಲ್ಲ ಹುಡುಕಿ ಬರೆಯಬೇಕು. ಇಂಥ ಕೆಲಸಕ್ಕೆ ಪಾಂಡಿತ್ಯ ಎಷ್ಟು ಬೇಕೋ ಪರಿಚಯ, ವಿಶ್ವಾಸಗಳೂ ಅಷ್ಟೇ ಬೇಕು. ಗಂಡಸರಿಗೆ ಅದು ಕ್ಲಬ್ಬಿನಲ್ಲಿ ಸಿಗುತ್ತಿತ್ತು. ಹ್ರೋಸ್ವಿಥಾದ ಸದಸ್ಯೆಯರು ಅದನ್ನು ಪರಸ್ಪರರ ಮನೆಯ ಊಟಗಳಲ್ಲಿ ಪಡೆದರು.

ಹೆಸರಿನ ಆಯ್ಕೆಯೂ ಸ್ವಾರಸ್ಯಕರ. ಹ್ರೋಸ್ವಿಥಾ ಹತ್ತನೆಯ ಶತಮಾನದವಳು, ಈಗಿನ ಜರ್ಮನಿಯ ಗಾಂಡರ್ಸ್‌ಹೈಮ್ ಎಂಬಲ್ಲಿನ ಕ್ರೈಸ್ತ ಮಠವಾಸಿನಿ. ರೋಮಿನ ಟೆರೆನ್ಸನ ನಾಟಕಗಳಲ್ಲಿ ಹೆಂಗಸರ ಚಿತ್ರಣ ಹೀನವಾಗಿದೆಯೆಂದು ಅದೇ ಮಾದರಿಯಲ್ಲಿ ತಾನು ಆರು ನಾಟಕ ಬರೆದಳು. ತನ್ನ ಹೆಸರಿಗೆ ‘ಗಟ್ಟಿ ದನಿ’ ಎಂಬ ಅರ್ಥವನ್ನು ತಾನೇ ಹೇಳಿಕೊಂಡವಳು. ಆದರೆ ಆ ದನಿ ಐದು ಶತಮಾನ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಹದಿನೈದನೆಯ ಶತಮಾನದ ಕೊನೆಗೆ ಕೊನ್ರಾಡ್ ಸೆಲ್ಟಿಸ್ ಎಂಬ ವಿದ್ವಾಂಸನಿಗೆ ರೇಗನ್ಸ್‌ಬರ್ಗಿನ ಮಠವೊಂದರಲ್ಲಿ ಹಸ್ತಪ್ರತಿ ಸಿಕ್ಕಿತು. 1501ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಯಾರೋ ಒಂದು ಹಸ್ತಪ್ರತಿಯನ್ನು ಕಾಪಾಡಿದ್ದರಿಂದ ಉಳಿದ ಲೇಖಕಿ ಅವಳು. ಕ್ಲಬ್ 1965ರಲ್ಲಿ ಅವಳ ಬದುಕು, ಕೃತಿಗಳನ್ನು ಕುರಿತು ವಿಸ್ತಾರವಾದ ಗ್ರಂಥಸೂಚಿಯೊಡನೆ ಒಂದು ಪುಸ್ತಕವನ್ನೇ ಹೊರತಂದಿತು. ಆ್ಯನ್ ಲಯನ್ ಹೈಟ್ ಅದರ ಸಂಪಾದಕಿ. ಊಟದ ಕೂಟವೆಂದು ಮೂಗು ಮುರಿದವರು ಯಾರಾದರೂ ಇದ್ದಿದ್ದರೆ ಈ ಪುಸ್ತಕ ತೆರೆದು ನೋಡಬಹುದಿತ್ತು.

ಹಾಗೆಂದು ಈ ಕ್ಲಬ್ಬನ್ನು ಎಲ್ಲರಿಗೂ ತೆರೆದ ಮನೆಯೆಂದು ಹೊಗಳುವುದು ಸರಿಯಲ್ಲ. ಇಲ್ಲಿಗೂ ಪ್ರವೇಶ ಆಹ್ವಾನದ ಮೇಲೆಯೇ. ದುಬಾರಿ ಪುಸ್ತಕ ಕೊಳ್ಳಬಲ್ಲವರು, ಇಲ್ಲವೇ ಅವುಗಳ ನಡುವೆಯೇ ಉದ್ಯೋಗವಿದ್ದವರು ಮಾತ್ರ ಬರಬಹುದಾಗಿತ್ತು. ಈ ಬಳಗದಲ್ಲೇ ಇದ್ದ ಬೆಲ್ ಡ ಕೋಸ್ಟಾ ಗ್ರೀನ್ ಅವರ ಬದುಕು ಈ ಮಾತಿಗೆ ಇನ್ನೊಂದು ಮುಖ ಕೊಡುತ್ತದೆ. 1905ರಲ್ಲಿ ಜೆ. ಪಿ. ಮಾರ್ಗನ್ನರ ಪುಸ್ತಕಭಂಡಾರಕ್ಕೆ ಸೇರಿ, 1924ರಲ್ಲಿ ಅದು ಸಾರ್ವಜನಿಕ ಸಂಸ್ಥೆಯಾದಾಗ ಮೊದಲ ನಿರ್ದೇಶಕಿಯಾದವರು ಅವರು. ಅವರ ತಂದೆ ರಿಚರ್ಡ್ ಗ್ರೀನರ್ ಹಾರ್ವರ್ಡ್ ಕಾಲೇಜಿನ ಮೊದಲ ಕಪ್ಪು ಜನಾಂಗದ ಪದವೀಧರ. ಮಗಳು ಅದನ್ನು ಮರೆಮಾಚಿ, ತನ್ನದು ಪೋರ್ಚುಗೀಸ್ ಮೂಲವೆಂದು ಹೇಳಿಕೊಂಡು ಬಿಳಿಯರ ನಡುವೆ ಬಾಳಬೇಕಾಯಿತು. 1950ರಲ್ಲಿ ತೀರಿಕೊಳ್ಳುವ ಮೊದಲು ತನ್ನ ಖಾಸಗಿ ಕಾಗದಪತ್ರಗಳನ್ನು ಸುಟ್ಟುಹಾಕಿದರು. ನಿಜ ತಿಳಿದಿದ್ದರೆ ಈ ಊಟದ ಮೇಜಿನಲ್ಲಿ ಅವರಿಗೆ ಕುರ್ಚಿ ಇರುತ್ತಿತ್ತೇ?

ಮುಂದೆ ಕ್ಲಬ್ಬಿನ ಹಿರಿಯರಲ್ಲಿ ಒಬ್ಬರಾದ ಮೇರಿ ಹೈಡ್ ಅವರ ಕಥೆಯೇ ಬೇರೆ. ಪತಿ ಡೊನಾಲ್ಡರೊಡನೆ ಕೂಡಿ ಅವರು ಡಾ. ಸ್ಯಾಮ್ಯುಯೆಲ್ ಜಾನ್ಸನ್ನನ ಕೃತಿಗಳ, ಪತ್ರಗಳ ಬಹುದೊಡ್ಡ ಸಂಗ್ರಹ ಮಾಡಿದರು. ಇಬ್ಬರೂ ಕೂಡಿ ಮಾಡಿದ ಸಂಗ್ರಹವಾದರೂ ಗಂಡ ಗ್ರೋಲಿಯರ್ ಕ್ಲಬ್ಬಿನ ಅಧ್ಯಕ್ಷರೇ ಆದರು, ಹೆಂಡತಿಗೆ ಸದಸ್ಯತ್ವವೂ ಇಲ್ಲ. 1966ರಲ್ಲಿ ಡೊನಾಲ್ಡ್ ತೀರಿಕೊಂಡ ಹತ್ತು ವರ್ಷಗಳ ಮೇಲೆ ಬಾಗಿಲು ತೆರೆಯಿತು. 1985ರಲ್ಲಿ ಲಂಡನ್ನಿನ ರಾಕ್ಸ್‌ಬರ್ಗ್ ಕ್ಲಬ್ ಕೂಡ ಮೇರಿಯವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಸ್ವೀಕರಿಸಿತು. ಅವರ ಜಾನ್ಸನ್ ಸಂಗ್ರಹ ಈಗ ಹಾರ್ವರ್ಡಿನಲ್ಲಿದೆ. ರೇಚಲ್ ಹಂಟ್ ಅವರ ಸಸ್ಯಗ್ರಂಥಗಳೂ 1961ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಸಂಶೋಧನಾ ಗ್ರಂಥಾಲಯವೇ ಆದವು.

ದೊಡ್ಡ ಕ್ಲಬ್ಬಿನ ಬಾಗಿಲು ತೆರೆದ ಮೇಲೆ ಹೆಂಗಸರಿಗೆಂದೇ ಬೇರೆ ಸಂಘ ಇರಬೇಕಾದ ಮೊದಲಿನ ಕಾರಣ ಉಳಿಯಲಿಲ್ಲ. ಆದರೂ ಹ್ರೋಸ್ವಿಥಾ ಕ್ಲಬ್ ಮತ್ತೆ 28 ವರ್ಷ ಸೇರುತ್ತಲೇ ಇತ್ತು, 2004ರಲ್ಲಿ ನಿಂತಿತು. ಅದರ ಕಡತಗಳೆಲ್ಲ ಈಗ ಗ್ರೋಲಿಯರ್ ಕ್ಲಬ್ಬಿನ ಗ್ರಂಥಾಲಯದಲ್ಲಿವೆ. ಒಂದು ಕಾಲಕ್ಕೆ ರೂತ್ ಗ್ರ್ಯಾನಿಸ್ ನೋಡಿಕೊಳ್ಳುತ್ತಿದ್ದ ಗ್ರಂಥಾಲಯ ಅದೇ.