ಎಳೆಯರು ನಮ್ಮವರಾಗುವ ಬಗೆ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಎಳೆಯರ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಹಿರಿಯರು ಕೂಡಿದಲ್ಲೆಲ್ಲ ಈಗ ಒಂದೇ ದೂರು ಕೇಳಿಬರುತ್ತದೆ. ಮಕ್ಕಳಿಗೆ ನಮ್ಮದೆಂಬ ಅಭಿಮಾನವಿಲ್ಲ. ಅವರು ಓದುವುದೊಂದು ಭಾಷೆ, ಮನೆಯಲ್ಲಿ ಆಡುವುದೊಂದು ಭಾಷೆ. ವಿಭೂತಿ ಧರಿಸೆಂದರೆ ನಾಚುತ್ತಾರೆ. ಜಾತ್ರೆಗೆ ಬಾರೆಂದರೆ ಪರೀಕ್ಷೆಯ ನೆವ ಹೇಳುತ್ತಾರೆ. ಈ ದೂರಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆನು. ಆದರೆ ದೂರುವವರು ಒಂದು ವಿಷಯವನ್ನು ಮರೆತಂತೆ ತೋರುತ್ತದೆ. ಹೊಲಮನೆಗಳು ತಂದೆಯಿಂದ ಮಗನಿಗೆ ಇಳಿದುಬರುವಂತೆ ಸಂಸ್ಕಾರವೂ ಉತಾರದ ಕಾಗದದೊಡನೆ ಇಳಿದುಬರುತ್ತದೆಂದು ಅವರು ಭಾವಿಸಿದ್ದಾರೆ.

ನಮ್ಮ ಆಚಾರವೇ ಹಾಗೆ ಹೇಳುವುದಿಲ್ಲ. ಕೂಸು ಹುಟ್ಟಿದ ಕೆಲವು ದಿನಗಳಲ್ಲಿಯೇ ಗುರುಗಳು ಬಂದು ಲಿಂಗವನ್ನು ಕಟ್ಟುತ್ತಾರೆ. ಕೂಸಿಗೆ ಅದರ ಅರಿವಿಲ್ಲ. ತಾಯಿಯು ಅದನ್ನು ಜೋಪಾನವಾಗಿಡುತ್ತಾಳೆ. ಮುಂದೆ ಬುದ್ಧಿ ತಿಳಿದಮೇಲೆ ದೀಕ್ಷೆಯೆಂಬುದು ಬೇರೆಯಾಗಿ ಉಂಟು. ಆ ಬಳಿಕ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ತಾನೇ ಪೂಜಿಸಬೇಕು. ತಂದೆ ಮಾಡಿದ ಪೂಜೆಯು ಮಗನ ಲೆಕ್ಕಕ್ಕೆ ಬರುವುದಿಲ್ಲ. ಎಂದರೆ, ಹುಟ್ಟಿನಿಂದ ದೊರೆತದ್ದನ್ನು ಅರಿವಿನಿಂದ ಮತ್ತೊಮ್ಮೆ ಪಡೆಯಬೇಕೆಂದು ಹಿರಿಯರೇ ಕಟ್ಟುಮಾಡಿದ್ದಾರೆ. ಈ ಎರಡರ ನಡುವಣ ಹತ್ತು ಹದಿನೈದು ವರ್ಷಗಳಲ್ಲಿ ಏನು ನಡೆಯುತ್ತದೆಂಬುದೇ ಇಂದಿನ ನನ್ನ ವಿಷಯ.

ಇನ್ನೊಂದು ಮಾತನ್ನೂ ಅರಿಕೆಮಾಡಿಕೊಳ್ಳುತ್ತೇನೆ. ಬಸವಣ್ಣನವರ ಚರಿತ್ರೆಯನ್ನು ಹೇಳುವ ಪುರಾಣಗಳೆಲ್ಲ ಅವರು ಎಳೆಯ ವಯಸ್ಸಿನಲ್ಲಿ ಮನೆಯವರು ಹಿಡಿದ ಕರ್ಮಮಾರ್ಗವನ್ನು ಒಲ್ಲದೆ ಕೂಡಲಸಂಗಮಕ್ಕೆ ಹೊರಟುಹೋದುದನ್ನು ಹೇಳುತ್ತವೆ. ಅಕ್ಕಮಹಾದೇವಿಯವರು ಉಡುತಡಿಯನ್ನು ಬಿಟ್ಟು ಕಲ್ಯಾಣದ ದಾರಿ ಹಿಡಿದಾಗ ಇನ್ನೂ ತರುಣಿ. ಚೆನ್ನಬಸವಣ್ಣನವರನ್ನು ನಾವು ಕಿರಿವಯಸ್ಸಿನ ಜ್ಞಾನಿಯೆಂದೇ ಸ್ಮರಿಸುತ್ತೇವೆ. ಮನೆಯಲ್ಲಿ ಕೊಟ್ಟದ್ದನ್ನು ಹಾಗೆಯೇ ಕೊಳ್ಳಲೊಲ್ಲದ ಎಳೆಯರಿಂದಲೇ ಮೊದಲಾದ ಪರಂಪರೆಯವರು ನಾವು. ನಮ್ಮ ಮನೆಯ ಹುಡುಗನು "ಇದೇಕೆ?" ಎಂದು ಕೇಳಿದ ಕೂಡಲೆ ಹುಬ್ಬುಗಂಟಿಕ್ಕುವುದು ನಮಗೆ ಒಪ್ಪುವ ನಡತೆಯೇ ಎಂಬುದನ್ನು ತಾವೇ ಆಲೋಚಿಸಬೇಕು.

ಇದಿರಲಿ. ಈಗ್ಗೆ ನೂರಿಪ್ಪತ್ತು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಓದಿದ ತರುಣನ ಸ್ಥಿತಿಯು ಹೇಗಿತ್ತೆಂಬುದನ್ನು ಸ್ವಲ್ಪ ನೋಡೋಣ. 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದು ಧಾರವಾಡ ಬೆಳಗಾವಿಗಳು ಮುಂಬಯಿಯ ಆಡಳಿತಕ್ಕೆ ಸೇರಿದವು. ಸರಕಾರವು ತೆರೆದ ಶಾಲೆಗಳಲ್ಲಿ ಬಹುಕಾಲ ಮರಾಠಿಯೇ ನಡೆಯಿತು. ಮನೆಯಲ್ಲಿ ಅಚ್ಚಕನ್ನಡ ಮಾತನಾಡುವ ಮಗು ಶಾಲೆಯಲ್ಲಿ ತನ್ನ ಮಾತೇ ತನಗೆ ಕೆಲಸಕ್ಕೆ ಬಾರದೆಂದು ಕಲಿಯಿತು. ಅದನ್ನು ತಿದ್ದುವುದಕ್ಕೆ ವಿದ್ಯಾಖಾತೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ಅಲೆದು ಕನ್ನಡ ಶಾಲೆಗಳನ್ನು ತೆರೆಯಿಸಬೇಕಾಯಿತು. 1883ರಲ್ಲಿ ಅರಟಾಳ ರುದ್ರಗೌಡರು ಮೊದಲಾದವರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ನಿಧಿಯನ್ನು ಕೂಡಿಸಿದರು. 1890ರಲ್ಲಿ ಅದೇ ಊರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಇವೆಲ್ಲ ತಮಗೆ ತಿಳಿದ ಸಂಗತಿಗಳೇ ಆದುದರಿಂದ ಬೆಳೆಸುವುದಿಲ್ಲ.

ಶಾಲೆಯೇನೋ ಆಯಿತು. ಆದರೆ ಇಂಗ್ಲಿಷ್ ಕಲಿತ ತರುಣನೊಬ್ಬನಿಗೆ ಪರರು "ನಿಮ್ಮ ಧರ್ಮವೇನು, ನಿಮ್ಮ ಸಾಹಿತ್ಯವೆಲ್ಲಿ?" ಎಂದು ಕೇಳಿದರೆ ಕೈಯಲ್ಲಿ ಹಿಡಿದು ತೋರಿಸುವುದಕ್ಕೆ ಏನಿತ್ತು? ವಚನಗಳು ಬಹುಮಟ್ಟಿಗೆ ತಾಳೆಯೋಲೆಗಳಲ್ಲಿದ್ದವು. ಓಲೆಗಳು ಅಟ್ಟದ ಮೇಲೆ, ಮಠಗಳ ಪೆಟ್ಟಿಗೆಗಳಲ್ಲಿ, ಕೆಲವೆಡೆ ಪೂಜೆಯ ಜಗಲಿಯ ಮೇಲೆ ಇದ್ದವು. ಪೂಜೆಯಾಗುತ್ತಿತ್ತು, ಓದಾಗುತ್ತಿರಲಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಓಲೆಗಳನ್ನು ಹುಡುಕಿ ತಂದು, ಪಾಠಗಳನ್ನು ಹೋಲಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದರು. ಬಳಿಕ ತಾವೇ ಮುದ್ರಣಾಲಯವನ್ನು ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಈ ಕೆಲಸಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಅಂದಿನ ತರುಣರಲ್ಲಿ ಹುಟ್ಟಿದ ಆತ್ಮಗೌರವಕ್ಕೆ ಉಪನ್ಯಾಸಗಳಿಗಿಂತ ಹೆಚ್ಚಾಗಿ ಈ ಅಚ್ಚಿನ ಹಾಳೆಗಳೇ ಕಾರಣವೆಂದು ನನ್ನ ಅಭಿಪ್ರಾಯ. ತನ್ನದೆಂಬುದು ಕೈಗೆ ಸಿಕ್ಕದೆ ಅಭಿಮಾನವು ಎಲ್ಲಿಂದ ಬಂದೀತು?

ಇಂದು ಸ್ಥಿತಿಯು ತಿರುಗಿದೆ. ಸಮಗ್ರ ವಚನಸಂಪುಟಗಳು ಗ್ರಂಥಾಲಯಗಳಲ್ಲಿವೆ. ಕೈಯಲ್ಲಿ ಹಿಡಿಯುವ ಯಂತ್ರದಲ್ಲಿಯೂ ಓದಲು ಸಿಕ್ಕುತ್ತವೆ. ಓದುವ ಕಣ್ಣು ಮಾತ್ರ ಕಡಿಮೆಯಾಗಿದೆ. ಕಂಠಪಾಠದ ಸ್ಪರ್ಧೆಯಲ್ಲಿ ನೂರು ವಚನಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ ಬಹುಮಾನ ಪಡೆದ ಮಗುವನ್ನು ಕರೆದು, ಇದರಲ್ಲಿ 'ಜಂಗಮ'ವೆಂದರೇನಮ್ಮಾ ಎಂದು ಕೇಳಿರಿ. ಅದು ತಾಯಿಯ ಮುಖವನ್ನು ನೋಡುತ್ತದೆ. ತಾಯಿಯು ನಮ್ಮ ಮುಖವನ್ನು ನೋಡುತ್ತಾಳೆ. ನೂರಕ್ಕೆ ಬದಲಾಗಿ ಹತ್ತೇ ಬರಲಿ. ಆ ಹತ್ತನ್ನು ಹಿಡಿದು ಮಗುವು ನಮ್ಮೊಡನೆ ವಾದಮಾಡುವಂತಿರಲಿ. ಸ್ಪರ್ಧೆಗಳನ್ನು ನಡೆಸುವ ಮಿತ್ರರು ನನ್ನ ಮೇಲೆ ಮುನಿಯಬಾರದು.

ಈಗ ಪ್ರಸಾದನಿಲಯಗಳ ಮಾತಿಗೆ ಬರುತ್ತೇನೆ. ತುಮಕೂರಿನ ಸಿದ್ಧಗಂಗೆಯಲ್ಲಿ 1917ರಲ್ಲಿ ಸಂಸ್ಕೃತ ಪಾಠಶಾಲೆಯು ಆರಂಭವಾಯಿತು. 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರ ಕಾಲಕ್ಕೆ ಅಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆಯು ಸುಮಾರು 10,000ಕ್ಕೆ ಏರಿತ್ತು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಧಾರವಾಡದ ಮುರುಘಾಮಠದ ಮೃತ್ಯುಂಜಯಪ್ಪಗಳವರು ಜೋಳಿಗೆ ಹಿಡಿದು ಕಾಳು ಕೂಡಿಸಿ ಹುಡುಗರಿಗೆ ಉಣ್ಣಿಸಿದರು. ಅನ್ನ ಸಿಕ್ಕಿತು, ವಿದ್ಯೆ ಸಿಕ್ಕಿತು ಎಂದು ನಾವು ಹೇಳಿ ಮುಗಿಸುತ್ತೇವೆ. ಅಲ್ಲಿ ಹುಡುಗನ ಒಳಗೆ ಏನಾಯಿತೆಂಬುದನ್ನು ಕೇಳುವವರು ಕಡಿಮೆ.

ಹತ್ತು ಹನ್ನೆರಡು ವರ್ಷದ ಹುಡುಗನು ತಗಡಿನ ಪೆಟ್ಟಿಗೆಯೊಂದಿಗೆ ಬಂದಿಳಿಯುತ್ತಾನೆ. ರೊಟ್ಟಿಯ ನಾಡಿನವನಿಗೆ ಮುದ್ದೆಯನ್ನು ನುಂಗುವ ಬಗೆ ತಿಳಿಯದು. ಮುದ್ದೆಯ ನಾಡಿನವನು ರೊಟ್ಟಿಯನ್ನು ಎಷ್ಟು ಹೊತ್ತು ಅಗಿಯಬೇಕೆಂದು ಬೆರಗಾಗುತ್ತಾನೆ. ಒಬ್ಬನು 'ಕುಂದ್ರು' ಎಂದರೆ ಇನ್ನೊಬ್ಬನು ನಗುತ್ತಾನೆ. ಅವನು 'ಕೂತ್ಕೊ' ಎಂದರೆ ಇವನು ನಗುತ್ತಾನೆ. ಮೊದಲ ವಾರ ರಾತ್ರಿ ದಿಂಬು ತೋಯುತ್ತದೆ. ಆಮೇಲೆ ಒಂದು ದಿನ ಪಂಕ್ತಿಯಲ್ಲಿ ನೀರು ಬಡಿಸುವ ಸರದಿ ಅವನಿಗೆ ಬರುತ್ತದೆ. ಗಿಂಡಿಯನ್ನು ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುವಾಗ ಎಲ್ಲರೂ ಅವನಿಗಾಗಿ ಕಾಯುತ್ತಾರೆ. ಅವನು ಬಡಿಸದೆ ಯಾರೂ ಉಣ್ಣುವಂತಿಲ್ಲ. ಅಂದಿನಿಂದ ಅವನು ಆ ಮನೆಯವನು. ಹುಡುಗರು ಉಪದೇಶದಿಂದ ಒಂದು ಕೂಟಕ್ಕೆ ಸೇರಿದವರಾಗುವುದು ಅಪರೂಪ. ತಾವಿಲ್ಲದೆ ಕೆಲಸ ನಿಲ್ಲುತ್ತದೆಂದು ಕಂಡಾಗ ಸೇರುತ್ತಾರೆ. ದಾಸೋಹವೆಂಬ ಮಾತು ಅವನಿಗೆ ಅರ್ಥವಾಗುವುದು ಆ ಗಿಂಡಿಯ ಭಾರದಿಂದ.

ರಜೆಗೆ ಊರಿಗೆ ಹೋದಾಗ ಬೇರೆಯ ಕಷ್ಟ. ಮಾತಿನ ಧಾಟಿ ಬದಲಾಗಿರುತ್ತದೆ, ಅಜ್ಜಿಯು ಅಣಕಿಸುತ್ತಾಳೆ, ಓಣಿಯ ಗೆಳೆಯರು 'ಸಾಹೇಬ' ಎನ್ನುತ್ತಾರೆ. ಅಲ್ಲಿಯೂ ಪೂರ್ತಿ ಅಲ್ಲಿಯವನಲ್ಲ, ಇಲ್ಲಿಯೂ ಪೂರ್ತಿ ಇಲ್ಲಿಯವನಲ್ಲ. ಈ ಹೊಯ್ದಾಟವನ್ನು ಹಿರಿಯರು ದೋಷವೆಂದು ತಿಳಿಯಬಾರದು. ಎರಡು ಮನೆಗಳನ್ನು ಕಂಡವನೇ ತನ್ನ ಮನೆಯ ಗುಣಾವಗುಣಗಳನ್ನು ಅಳೆಯಬಲ್ಲನು.

ಒಂದು ಕಹಿಯಾದ ಮಾತನ್ನೂ ಹೇಳದಿದ್ದರೆ ವಿಷಯಕ್ಕೆ ಅನ್ಯಾಯವಾದೀತು. ಆ ಕಾಲದ ವಿದ್ಯಾರ್ಥಿನಿಲಯಗಳನೇಕವು ಒಂದೊಂದು ಜಾತಿಯವರು ತಮ್ಮ ತಮ್ಮ ಮಕ್ಕಳಿಗೆಂದು ಕಟ್ಟಿದವು. ಬಡತನದ ಆ ದಿನಗಳಲ್ಲಿ ಅದು ಅನಿವಾರ್ಯವಾಗಿದ್ದಿರಬಹುದು. ಆದರೆ ಹುಡುಗನಿಗೆ 'ನಮ್ಮವರು' ಎಂದರೆ ಒಂದು ಗೋಡೆಯ ಒಳಗಿನವರೆಂಬ ಭಾವನೆಯನ್ನು ಆ ಏರ್ಪಾಡು ಕಲಿಸಿತು. ಸಿದ್ಧಗಂಗೆಯಲ್ಲಿ ಎಲ್ಲ ಜಾತಿಮತಗಳ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತುದು ಆ ಗೋಡೆಯನ್ನು ಒಡೆಯಿತು. ಕಲ್ಯಾಣದಲ್ಲಿ ಯಾರು ಯಾರೊಡನೆ ಕುಳಿತರೆಂಬುದನ್ನು ಬಲ್ಲವರು ಇದನ್ನು ಹೊಸದೆನ್ನಲಾರರು. ಹೆಣ್ಣುಮಕ್ಕಳ ಮಾತಂತೂ ಇನ್ನೂ ಕಹಿ. ಅಕ್ಕನ ಹೆಸರನ್ನು ದಿನವೂ ಹೇಳಿದ ಮಠಗಳು ಆಕೆಯ ವಯಸ್ಸಿನ ಹುಡುಗಿಯರಿಗೆ ಹಾಸಿಗೆಯನ್ನೂ ಪುಸ್ತಕವನ್ನೂ ಕೊಡುವುದಕ್ಕೆ ಬಹಳ ತಡಮಾಡಿದವು. ಮದುವೆಯಾದ ದಿನ ಮನೆಯನ್ನೂ ಊರನ್ನೂ ಬದಲಿಸುವವಳು ಅವಳು. ತನ್ನತನವನ್ನು ಗಂಟುಕಟ್ಟಿಕೊಂಡು ಹೋಗಬೇಕಾದವಳಿಗೆ ಗಂಟಿನಲ್ಲಿ ಏನು ಕಟ್ಟಿಕೊಡುತ್ತಿದ್ದೇವೆಂದು ನಾವು ಕೇಳಿಕೊಂಡದ್ದು ಕಡಿಮೆ.

ಸೊನ್ನಲಿಗೆಯ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ಇಂದಿನ ಸೊಲ್ಲಾಪುರವು 1960ರಿಂದ ಮಹಾರಾಷ್ಟ್ರದಲ್ಲಿದೆ. ಅಲ್ಲಿ ಮನೆಮಾತು ಕನ್ನಡವಾಗಿ ಶಾಲೆಯ ಮಾತು ಮರಾಠಿಯಾಗಿರುವವರು ಬಹಳ. ನೆರೆಮನೆಯ ನೇಕಾರರದು ತೆಲುಗು. ಸಿದ್ಧರಾಮೇಶ್ವರರ ಗುಡಿಯು ಕೆರೆಯ ನಡುವೆ ಇದೆ. ಊರ ಸುತ್ತ 68 ಲಿಂಗಗಳಿವೆ. ಪ್ರತಿ ವರ್ಷ ಸಂಕ್ರಾಂತಿಯ ವೇಳೆಗೆ ಏಳು ನಂದಿಧ್ವಜಗಳು ಮೆರವಣಿಗೆ ಹೊರಡುತ್ತವೆ. ಬೇರೆ ಬೇರೆ ಸಮುದಾಯಗಳಿಗೆ ಅವುಗಳ ಮಾನವು ಹಂಚಿಹೋಗಿದೆ. ಸಿದ್ಧರಾಮರ ಯೋಗದಂಡದೊಡನೆ ಕುಂಬಾರ ಕನ್ಯೆಯ ವಿವಾಹವಾದ ಕಥೆಯನ್ನು ನೆನೆದು ಅಕ್ಷತೆ ಬೀಳುತ್ತದೆ. ಆ ಉದ್ದವಾದ ಧ್ವಜದ ಕಂಬವನ್ನು ಬಿಳಿಯ ಬಟ್ಟೆ ಧರಿಸಿದ ತರುಣರು ಹೊರುತ್ತಾರೆ. ಅದು ಓಲಾಡದಂತೆ ಹೊರುವುದು ಒಂದು ವಿದ್ಯೆ. ಹಿರಿಯನ ಪಕ್ಕದಲ್ಲಿ ನಿಂತು ಕಲಿಯಬೇಕು, ಬಹುದಿನ ಅಭ್ಯಾಸಮಾಡಬೇಕು. ಯಾವ ಭಾಷೆಯ ಶಾಲೆಗೆ ಹೋದವನಾದರೂ ಸರಿ, ಆ ಭಾರವನ್ನು ಹೊತ್ತ ಹುಡುಗನಿಗೆ ನೀನು ಯಾವ ಊರಿನವನೆಂದು ಬೇರೆ ಕಲಿಸಬೇಕಾಗಿಲ್ಲ. ಆದರೂ ಒಂದು ಕೊರತೆ ಉಳಿಯುತ್ತದೆ. ಸಿದ್ಧರಾಮರು ಹೇಳಿದ ವಚನಗಳು ಕನ್ನಡದಲ್ಲಿವೆ. ಕನ್ನಡದ ಅಕ್ಷರವನ್ನೇ ಕಲಿಯದ ಹುಡುಗನು ಧ್ವಜವನ್ನು ಹೊರಬಲ್ಲನೇ ಹೊರತು ಆ ಮಾತುಗಳನ್ನು ತಾನೇ ಓದಿ ತಿಳಿಯಲಾರನು. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಎದುರು ನಿಲ್ಲುವ ನಮ್ಮ ವಲಸಿಗರ ಮಕ್ಕಳಿಗೂ ಇದೇ ಮಾತು ಸಲ್ಲುತ್ತದೆ. ಪ್ರತಿಮೆಯನ್ನು ತೋರಿಸಬಹುದು, ಭಾಷೆಯನ್ನು ತೋರಿಸಲಾಗದು, ಆಡಬೇಕು.

ಹೊರಗಿನದನ್ನು ಕಲಿತರೆ ಮಕ್ಕಳು ನಮ್ಮವರಾಗಿ ಉಳಿಯುವುದಿಲ್ಲವೆಂಬ ಅಂಜಿಕೆಯವರಿಗೆ ನಾನು ಸಂಗೀತಗಾರರನ್ನು ನೆನಪಿಸುತ್ತೇನೆ. ಶಿವಯೋಗಮಂದಿರವನ್ನು 1909ರಲ್ಲಿ ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳವರು ಗದಿಗೆಯ್ಯನೆಂಬ ಅಂಧ ಬಾಲಕನ ಕಂಠವನ್ನು ಕೇಳಿ ಅವನ ಭಾರವನ್ನು ವಹಿಸಿಕೊಂಡರು. ಅವನು ದಕ್ಷಿಣಾದಿ ಸಂಗೀತವನ್ನು ಕಲಿತನು, ಮಿರಜಿನ ನೀಲಕಂಠಬುವಾ ಅವರಲ್ಲಿ ಉತ್ತರಾದಿಯನ್ನು ಕಲಿತನು. 1944ರಲ್ಲಿ ಲಿಂಗೈಕ್ಯರಾದ ಪಂಚಾಕ್ಷರಿ ಗವಾಯಿಗಳೆಂದು ನಾಡು ಪೂಜಿಸುವುದು ಅವರನ್ನೇ. ಅವರ ಕೈಯಲ್ಲಿ ಬೆಳೆದ ಪುಟ್ಟರಾಜ ಗವಾಯಿಗಳು ಗದಗಿನ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ ಮಕ್ಕಳಿಗೆ ತಾಯಾದರು. ಧಾರವಾಡದ ಬಳಿಯ ಮನಸೂರಿನಿಂದ ಬಂದ ಮಲ್ಲಿಕಾರ್ಜುನ ಮನಸೂರರಂತೂ ಅಲ್ಲಾದಿಯಾಖಾನರ ಮಕ್ಕಳಾದ ಮಂಜಿಖಾನ್ ಭುರ್ಜಿಖಾನರ ಶಿಷ್ಯರು. ಮುಸಲ್ಮಾನ ಗುರುಗಳ ಪಾದದಲ್ಲಿ ಕುಳಿತು ಕಲಿತ ಆ ರಾಗಗಳಲ್ಲಿಯೇ ಅವರು ವಚನಗಳನ್ನು ಹಾಡಿದರು. ಕಡೆಯವರೆಗೂ ಮುರುಘಾಮಠದ ಶಿಷ್ಯರಾಗಿಯೇ ಇದ್ದರು. ಹೊರಗಿನಿಂದ ತಂದ ರಾಗದಲ್ಲಿ ವಚನವು ಕಳೆದುಹೋಯಿತೆಂದು ಅವರ ಹಾಡನ್ನು ಕೇಳಿದವರಾರೂ ಹೇಳಲಿಲ್ಲ.

ಶ್ರೀಮಠದ ಭಕ್ತರಲ್ಲಿ ನನ್ನದೊಂದು ಬಿನ್ನಹವಿದೆ. ಮಠದ ಅಟ್ಟದ ಮೇಲೆ ಇನ್ನೂ ಓಲೆಯ ಕಟ್ಟುಗಳಿವೆಯೆಂದು ಕೇಳಿದ್ದೇನೆ. ಅವುಗಳ ಧೂಳು ಕೊಡಹಿ ಪಟ್ಟಿಮಾಡುವ ಕೆಲಸವನ್ನು ಪಂಡಿತರ ಮೇಲ್ವಿಚಾರಣೆಯಲ್ಲಿ ನಿಲಯದ ಹುಡುಗರಿಗೂ ಊರಿನ ಹುಡುಗಿಯರಿಗೂ ಕೊಡಿರಿ. ಜಾತ್ರೆಯಲ್ಲಿ ಒಂದು ದಿನದ ದಾಸೋಹದ ಉಗ್ರಾಣದ ಬೀಗದಕೈಯನ್ನೂ ಲೆಕ್ಕದ ಪುಸ್ತಕವನ್ನೂ ಅವರಿಗೆ ಒಪ್ಪಿಸಿರಿ. ಅಕ್ಕಿ ಹತ್ತು ಸೇರು ಹೆಚ್ಚು ಕಡಿಮೆಯಾದರೆ ಆಗಲಿ. ವಾರಕ್ಕೊಂದು ಸಂಜೆ ಅವರು ಕೇಳಿದ ಪ್ರಶ್ನೆಗಳಿಗೆ ಶ್ರೀಗಳವರೇ ಉತ್ತರಕೊಡುವ ಗೋಷ್ಠಿಯು ನಡೆಯಲಿ. ಅಲ್ಲಿ ಹಿರಿಯರಾದ ನಾವು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರೋಣ.