ನಿರ್ಭಿಡೆಯಾದ ಅಭಿಪ್ರಾಯವೇ ಗ್ರಂಥಕ್ಕೆ ಗೌರವ

(ಭಟ್ಕಳ, ಹೊನ್ನಾವರ, ಕುಮಟೆಗಳ ವಾಚಕರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಬಗೆಬಗೆಯ ಗ್ರಂಥಗಳನ್ನು ಓದಿ ವಾಚಕರು ಕೊಡುವ ಅಭಿಪ್ರಾಯಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಈ ಮೇಜಿನ ಮೇಲೆ ಒಂದು ವ್ಯಾಕರಣವಿದೆ, ಒಂದು ಪದ್ಯಸಂಗ್ರಹವಿದೆ, ಒಂದು ಪ್ರಹಸನವಿದೆ, ಯಕ್ಷಗಾನದ ಪ್ರಸಂಗಗಳಿವೆ, ಎರಡು ಕಾದಂಬರಿಗಳಿವೆ, ಒಂದು ಇತಿಹಾಸಗ್ರಂಥವಿದೆ. ಒಂದಕ್ಕೊಂದು ನಂಟಿಲ್ಲದ ಈ ರಾಶಿಯಲ್ಲಿ ಸಮಾನವಾದದ್ದೇನು ಎಂದು ಕೇಳುವವರು ಕೇಳಬಹುದು. ಸಮಾನವಾದದ್ದು ಒಂದೇ. ಇವುಗಳಲ್ಲಿ ಪ್ರತಿಯೊಂದಕ್ಕೂ ನಮ್ಮಲ್ಲಿ ಎರಡು ಅಭಿಪ್ರಾಯಗಳುಂಟು: ಸಭೆಯಲ್ಲಿ ಹೇಳುವ ಅಭಿಪ್ರಾಯ ಒಂದು, ಸಭೆ ಮುಗಿದ ಮೇಲೆ ದಾರಿಯಲ್ಲಿ ಹೇಳುವ ಅಭಿಪ್ರಾಯ ಇನ್ನೊಂದು. ಈ ಎರಡರ ನಡುವಿನ ಅಂತರವು ಕನ್ನಡಕ್ಕೆ ಹಾನಿಕರವೆಂಬುದೇ ನಮ್ಮ ಇಂದಿನ ಮಾತಿನ ತಿರುಳು.

ಈ ಅಂತರವು ಹುಟ್ಟಿದ್ದಕ್ಕೆ ಕಾರಣವಿಲ್ಲದೆ ಇಲ್ಲ. 1862ರಲ್ಲಿ ಕಾನಡಾ ಸೀಮೆಯ ಉತ್ತರ ಭಾಗವು ಮುಂಬಯಿ ಇಲಾಖೆಗೆ ಸೇರಿತು. ದಕ್ಷಿಣ ಭಾಗವು ಮದ್ರಾಸ ಇಲಾಖೆಯಲ್ಲಿಯೇ ಉಳಿಯಿತು. ಮೈಸೂರು ಬೇರೆ, ಹೈದರಾಬಾದು ಬೇರೆ, ಕೊಡಗು ಬೇರೆ. ಹರಿದು ಹಂಚಿಹೋದ ಆ ಕಾಲದಲ್ಲಿ ಒಂದು ಕನ್ನಡ ಪುಸ್ತಕವು ಅಚ್ಚಾಗಿ ಹೊರಬೀಳುವದೇ ಹಬ್ಬವಾಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ, 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತೂ ಹುಟ್ಟಿದ್ದು ಈ ಕೊರತೆಯನ್ನು ನೀಗುವದಕ್ಕಾಗಿಯೇ. ಗಳಗನಾಥರು ತಮ್ಮ ಗ್ರಂಥಗಳ ಹೊರೆಯನ್ನು ಹೊತ್ತು ಊರೂರು ತಿರುಗಿ ಮಾರಿದರು. ಅಂಥವರ ಎದುರಿನಲ್ಲಿ ದೋಷ ಎಣಿಸಲು ಯಾರಿಗೆ ನಾಲಗೆ ಏಳುತ್ತಿತ್ತು? ಎಳೆಯ ಕೂಸಿನ ತೊದಲನ್ನು ತಿದ್ದುವವರಿಲ್ಲ. ಆದರೆ 1956ನೆಯ ನವೆಂಬರ 1ರಂದು ನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಕೂಸು ಬೆಳೆದು ಆಳಾಯಿತು. ಇನ್ನೂ ತೊದಲನ್ನೇ ಹೊಗಳುತ್ತ ಕೂಡುವದು ಪ್ರೀತಿಯಲ್ಲ, ಉದಾಸೀನ.

ಮೊದಲು ನಮ್ಮ ಮನೆಯ ಅಭಿಮಾನದಿಂದಲೇ ಪರೀಕ್ಷೆಯನ್ನು ಆರಂಭಿಸೋಣ. ಭಟ್ಕಳ ತಾಲೂಕಿನ ಹಾಡುವಳ್ಳಿಯೇ ಹಿಂದಿನ ಸಂಗೀತಪುರ. ಅಲ್ಲಿಯ ಜೈನ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದನು. 592 ಸೂತ್ರಗಳು, ಸೂತ್ರ, ವೃತ್ತಿ, ವ್ಯಾಖ್ಯಾನಗಳೆಲ್ಲ ಸಂಸ್ಕೃತದಲ್ಲಿ. ಕನ್ನಡವು ಶಾಸ್ತ್ರಕ್ಕೆ ಯೋಗ್ಯವಲ್ಲವೆಂಬ ವಾದವನ್ನು ಅವನು ಖಂಡಿಸಿದ್ದು ಚಿರಸ್ಮರಣೀಯವಾದ ಕೆಲಸ. ಸಭೆಯಲ್ಲಿ ನಾವು ಇಷ್ಟನ್ನೇ ಹೇಳುತ್ತೇವೆ. ದಾರಿಯಲ್ಲಿ ಶಾಲೆಯ ಮಾಸ್ತರರು ಹೇಳುವದೇನು? “ವರ್ಗದಲ್ಲಿ ನಮ್ಮ ಕೈಗೆ ಒದಗುವವನು ಕೇಶಿರಾಜ, ಭಟ್ಟಾಕಳಂಕನಲ್ಲ.” ಈ ಮಾತು ದಿಟ. ಅವನಿಗಿಂತ ಮೂರು ಶತಮಾನಕ್ಕೂ ಹಿಂದಿನ ‘ಶಬ್ದಮಣಿದರ್ಪಣ’ವು ಕನ್ನಡದ ಕಂದಪದ್ಯಗಳಲ್ಲಿ ಕನ್ನಡವನ್ನು ಹೇಳಿಕೊಡುತ್ತದೆ. ಕನ್ನಡದ ಯೋಗ್ಯತೆಯನ್ನು ಕನ್ನಡ ಬಲ್ಲವನಿಗೆ ಎಟುಕದ ಭಾಷೆಯಲ್ಲಿ ಸ್ಥಾಪಿಸಿದ್ದು ನಮ್ಮ ಊರಿನ ಪಂಡಿತನ ಹಿರಿಮೆಯೂ ಹೌದು, ಮಿತಿಯೂ ಹೌದು. ಪರಮತದ ಪಂಡಿತರನ್ನು ಅವರ ಭಾಷೆಯಲ್ಲಿಯೇ ಗೆಲ್ಲಬೇಕಾಗಿತ್ತೆಂಬುದು ಅವನ ಪಕ್ಷದ ಸಮಾಧಾನ. ಎರಡನ್ನೂ ಹೇಳಿದರೆ ಭಟ್ಟಾಕಳಂಕನು ಕುಗ್ಗುವದಿಲ್ಲ; ನಮಗೆ ಅರ್ಥವಾಗುತ್ತಾನೆ.

ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ 16ನೆಯ ಶತಮಾನದಲ್ಲಿ ಅಭಿನವವಾದಿ ವಿದ್ಯಾನಂದನು ‘ಕಾವ್ಯಸಾರ’ವೆಂಬ ಸಂಗ್ರಹವನ್ನು ಮಾಡಿದನು. ಹಿಂದಿನ ಕವಿಗಳ ಕಾವ್ಯಗಳಿಂದ ಪದ್ಯಗಳನ್ನು ಆರಿಸಿ ವಿಷಯಾನುಸಾರವಾಗಿ ಜೋಡಿಸಿದನು. ಸ್ವಂತದ್ದೇನೂ ಇಲ್ಲದ ಗ್ರಂಥವೆಂದು ಕೆಲವರು ಇದನ್ನು ಬದಿಗಿಡುತ್ತಾರೆ. ನಮಗೆ ಹಾಗೆ ತೋರುವದಿಲ್ಲ. ಆರಿಸುವದೆಂದರೆ ಬಿಡುವದು, ಬಿಡುವದೆಂದರೆ ತೀರ್ಪು ಕೊಡುವದು. ನೂರು ಪದ್ಯಗಳಲ್ಲಿ ಇದು ಉಳಿಯಲಿ, ಉಳಿದವು ಹೋಗಲಿ ಎಂದು ಧೈರ್ಯದಿಂದ ಹೇಳಿದ ಈ ವಾಚಕನು ನಮ್ಮ ಶರಾವತಿಯ ದಂಡೆಯವನು. ನಿರ್ಭಿಡೆಯ ವಿವೇಚನೆಯು ಪರದೇಶದಿಂದ ಬಂದ ಸರಕೆಂದು ತಿಳಿದವರು ಗೇರುಸೊಪ್ಪೆಯನ್ನು ನೆನೆಯಬೇಕು.

ಈಗ ಪ್ರಹಸನಕ್ಕೆ ಬರೋಣ. ಅದೇ ಹೊನ್ನಾವರ ತಾಲೂಕಿನ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಯವರು 1887ರಲ್ಲಿ ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ವನ್ನು ಪ್ರಕಟಿಸಿದರು. ಕನ್ಯಾವಿಕ್ರಯವೇ ಅದರ ವಸ್ತು. ಹಣ ಎಣಿಸಿ ಕೊಟ್ಟು ಎಳೆಯ ಹುಡುಗಿಯನ್ನು ಮದುವೆಯಾಗುವ ದುಷ್ಟ ರೂಢಿಯನ್ನು ಅವರು ತಮ್ಮ ಹವ್ಯಕರ ಆಡುಮಾತಿನಲ್ಲಿಯೇ ಬಯಲಿಗೆಳೆದರು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಅನೇಕ ವಿದ್ವಾಂಸರು ಇದನ್ನು ಗಣಿಸುತ್ತಾರೆ. ವಾಚಕರ ಅಭಿಪ್ರಾಯಗಳು ಇಲ್ಲಿ ಇಬ್ಬಗೆಯಾಗಿವೆ. ಘಟ್ಟದ ಮೇಲಿನವರಿಗೆ ಆ ಮಾತು ತೊಡಕೆನಿಸುತ್ತದೆ. ನಮ್ಮವರಲ್ಲಿ ಕೆಲವರಿಗೆ ಮನೆಯ ಕೊಳೆಯನ್ನು ಅಂಗಳದಲ್ಲಿ ತೊಳೆದಂತೆ ನಾಚಿಕೆಯೆನಿಸುತ್ತದೆ. ತೊಡಕೆಂಬುದನ್ನು ನಾವು ಒಪ್ಪುತ್ತೇವೆ, ನಾಚಿಕೆಯೆಂಬುದನ್ನು ಒಪ್ಪುವದಿಲ್ಲ. ತನ್ನವರ ತಪ್ಪನ್ನು ತನ್ನವರ ಮಾತಿನಲ್ಲಿಯೇ ಹೇಳಿದವನಿಗಿಂತ ದೊಡ್ಡ ಸ್ವಜನಾಭಿಮಾನಿ ಯಾರು? ಗ್ರಂಥಕರ್ತನು ತನ್ನ ಜನಕ್ಕೆ ಸತ್ಯವನ್ನು ಹೇಳಿದ ಮೇಲೆ ಜನವು ಗ್ರಂಥಕರ್ತನಿಗೆ ಸತ್ಯವನ್ನು ಹೇಳಲು ಅಂಜಬೇಕೇಕೆ?

ಆಡುಮಾತಿನ ವಿಷಯ ಬಂದದ್ದರಿಂದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ನೆನೆಯಬೇಕು. 1940ರ ದಶಕದ ಮೊದಲಲ್ಲಿ ಈ ಕಾದಂಬರಿ ಹೊರಬಂದಾಗ ಕಾರಂತರ ಕೋಟವು ಮದ್ರಾಸ ಇಲಾಖೆಯದು, ಭಟ್ಕಳವು ಮುಂಬಯಿ ಇಲಾಖೆಯದು. ಶಿರೂರಿನ ಆಚೆಗೆ ಸರಕಾರ ಬದಲಾಗುತ್ತಿತ್ತು, ಸಮುದ್ರ ಬದಲಾಗುತ್ತಿರಲಿಲ್ಲ. ಉಪ್ಪುಗಾಳಿಯ ಗದ್ದೆಯಲ್ಲಿ ದುಡಿದು ಸವೆಯುವ ಪಾರೋತಿ, ಸರಸೋತಿಯರನ್ನು ಕುರಿತು ಓದಿದ ನಮ್ಮ ಕರಾವಳಿಯ ತಾಯಂದಿರು, ಇವರು ನಮ್ಮ ಮನೆಯವರೇ ಎನ್ನುತ್ತಾರೆ. ಇಲಾಖೆಗಳ ಗೆರೆಯನ್ನು ಈ ಕಾದಂಬರಿಯು ಠರಾವುಗಳಿಗಿಂತ ಮೊದಲೇ ಅಳಿಸಿತು. ಹಾಗೆಂದು ಅದರಲ್ಲಿ ಕುಂದಿಲ್ಲವೆನ್ನಬೇಕಾಗಿಲ್ಲ. ಮೂರು ತಲೆಮಾರುಗಳ ಕಥೆಯಲ್ಲಿ ಮೊದಲ ತಲೆಮಾರಿನ ಬಿಗಿಯು ಕೊನೆಯವರೆಗೂ ಉಳಿಯುವದಿಲ್ಲವೆಂದು ಹೇಳುವ ವಾಚಕರಿದ್ದಾರೆ. ಅವರು ಕಾರಂತರ ವೈರಿಗಳಲ್ಲ, ಕೊನೆಯ ಪುಟದವರೆಗೆ ಓದಿದವರು.

ಯಕ್ಷಗಾನದ ಪ್ರಸಂಗಗಳನ್ನು ಓದಿದವರು, ಪುಸ್ತಕದಲ್ಲಿ ಇವು ಒಣಗಿ ನಿಂತಿವೆ, ಒಂದೇ ಬಗೆಯ ಪದಗಳು ಮತ್ತೆ ಮತ್ತೆ ಬರುತ್ತವೆ ಎಂದು ದೂರುವದುಂಟು. ದೂರು ಸುಳ್ಳಲ್ಲ, ಆದರೆ ಅಳತೆಗೋಲು ತಪ್ಪು. ಪ್ರಸಂಗವು ಬೀಜ, ಭಾಗವತನ ಕಂಠ, ಮದ್ದಳೆ ಚಂಡೆ, ಅರ್ಥಧಾರಿಯ ಮಾತು ಇವು ಮಳೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿ ಹೊನ್ನಾವರದ ನೆಲದಲ್ಲಿ ತೋರಿಸಿದ್ದು ಇದನ್ನೇ. ಪ್ರಸಂಗಕರ್ತರಲ್ಲಿ ಹೆಸರಾದ ಪಾರ್ತಿಸುಬ್ಬನ ಕುಂಬಳೆಯು ಕಾಸರಗೋಡಿನೊಡನೆ 1956ರಿಂದ ಕೇರಳದಲ್ಲಿದೆ. ನಕಾಶೆಯು ಹೊರಗಿಟ್ಟದ್ದನ್ನು ನಮ್ಮ ಆಟದ ಚೌಕಿಯು ಒಳಗಿಟ್ಟುಕೊಂಡಿದೆ. ಪ್ರತಿಯೊಂದು ಬಗೆಯ ಗ್ರಂಥಕ್ಕೂ ಅದರದೇ ಆದ ಅಳತೆಯಿದೆಯೆಂಬ ಪಾಠವನ್ನು ವಾಚಕನು ಇಲ್ಲಿ ಕಲಿಯಬೇಕು.

ಇನ್ನು ಹೇಳಲು ಕಠಿಣವಾದ ಮಾತು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು 1917ರಲ್ಲಿ ಬಂದಿತು. ಏಕೀಕರಣವಾದಿಗಳಾದ ನಮಗೆ ಅದು ಪೂಜ್ಯವಾದ ಗ್ರಂಥ. ಮಲಗಿದ್ದವರನ್ನು ಎಬ್ಬಿಸಿದ್ದು ಅದು. ಆದರೆ ಈ ಕರಾವಳಿಯ ಒಬ್ಬ ಬೆಸ್ತನ ಮಗನೋ ಹಾಲಕ್ಕಿ ಒಕ್ಕಲಿಗನ ಮಗನೋ ಅದನ್ನು ಓದಿ, “ಇದರಲ್ಲಿ ಅರಸರ ವೈಭವವಿದೆ, ನಮ್ಮ ಬಲೆಯೂ ನೇಗಿಲೂ ಎಲ್ಲಿ?” ಎಂದು ಕೇಳಿದರೆ ಏನು ಹೇಳೋಣ? ಅವನನ್ನು ನಾಡದ್ರೋಹಿ ಎನ್ನೋಣವೇ? ನಮ್ಮ ಉತ್ತರ ಇಷ್ಟೇ: ಆಲೂರರು ತಮ್ಮ ಕಾಲಕ್ಕೆ ಬೇಕಾದ ಗ್ರಂಥವನ್ನು ಬರೆದರು, ಅವನು ಕೇಳಿದ ಗ್ರಂಥವನ್ನು ಬರೆಯುವ ಋಣ ನಮ್ಮ ಮೇಲಿದೆ. ಆ ಪ್ರಶ್ನೆಯನ್ನು ಕೇಳುವ ವಾಚಕನಿಲ್ಲದಿದ್ದರೆ ಆ ಋಣದ ನೆನಪಾದರೂ ನಮಗೆ ಬರುತ್ತಿತ್ತೇ?

ಕನ್ನಡದ ಗ್ರಂಥವನ್ನು ತೂಗುವ ಅಧಿಕಾರ ಯಾರದೆಂಬ ಸಂಶಯವನ್ನೂ ಇಲ್ಲಿಯೇ ತೀರಿಸಬೇಕು. ಗೋಕರ್ಣದ ಗೌರೀಶ ಕಾಯ್ಕಿಣಿಯವರ ಮನೆಮಾತು ಕೊಂಕಣಿ. ಶಾಲೆಯಲ್ಲಿ ಕಲಿಸುತ್ತ ಕನ್ನಡದ ಹಿರಿಯ ವಿಮರ್ಶಕರಲ್ಲಿ ಒಬ್ಬರಾದರು. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬಾಳಿ 1979ರಲ್ಲಿ ‘ಶಿಕಾರಿ’ಯನ್ನು ಕನ್ನಡಕ್ಕೆ ಕೊಟ್ಟರು. ಆ ಕಾದಂಬರಿಯ ನಾಗಪ್ಪನ ಭೀತಿಯು ಉಸಿರು ಕಟ್ಟಿಸುತ್ತದೆ, ಹನೇಹಳ್ಳಿಯ ಕಥೆಗಳೇ ನಮಗೆ ಹಿತ ಎನ್ನುವವರು ನಮ್ಮಲ್ಲಿದ್ದಾರೆ. ಆದರೆ ಉಸಿರು ಕಟ್ಟಿಸುವದೇ ಅದರ ಉದ್ದೇಶವೆಂಬುದನ್ನೂ ಅವರು ಗಮನಿಸಲಿ. ಭಟ್ಕಳದ ನವಾಯತ ಮನೆಯ ಹುಡುಗಿ ಶಾಲೆಯಲ್ಲಿ ಕನ್ನಡ ಕಲಿತು ಒಂದು ಪದ್ಯವನ್ನು ಒಪ್ಪದಿದ್ದರೆ ಆ ಅಭಿಪ್ರಾಯವೂ ಕನ್ನಡದ ಅಭಿಪ್ರಾಯವೇ. ಕನ್ನಡಿಗನಾಗುವದು ಕೇವಲ ಹುಟ್ಟಿನಿಂದಲ್ಲ, ಓದಿನಿಂದಲೂ ಹೌದು.

ಸುಳ್ಳು ಹೊಗಳಿಕೆಯಿಂದ ಆಗುವ ನಷ್ಟವನ್ನು ಲೆಕ್ಕ ಹಾಕಿ ನೋಡಿರಿ. ಮುನ್ನುಡಿಯ ಸ್ತುತಿಯನ್ನು ನಂಬಿ ಮಾಸ್ತರರೊಬ್ಬರು ತಮ್ಮ ಪಗಾರದಲ್ಲಿ ಒಂದು ಪುಸ್ತಕವನ್ನು ಕೊಳ್ಳುತ್ತಾರೆ. ಅದು ಜೊಳ್ಳೆಂದು ತಿಳಿದರೆ ಎರಡನೆಯ ಪುಸ್ತಕವನ್ನು ಅವರು ಕೊಳ್ಳುವದಿಲ್ಲ. ಆ ಎರಡನೆಯದು ಗಟ್ಟಿಯಾದ ಕಾಳಾಗಿದ್ದರೂ ಅಂಗಡಿಯಲ್ಲಿ ಧೂಳು ತಿನ್ನುತ್ತದೆ. ಜೊಳ್ಳನ್ನು ಹೊಗಳಿದವನು ಕಾಳಿಗೆ ದ್ರೋಹ ಮಾಡಿದನು. ಮಕ್ಕಳ ವಿಷಯವಂತೂ ಇನ್ನೂ ಘೋರವಾದದ್ದು. ಪದ್ಯವು ಚೆನ್ನಾಗಿದೆಯೆಂದು ಬರೆದರೆ ಮಾತ್ರ ಗುಣ ಸಿಕ್ಕುವದೆಂದು ಅರಿತ ವಿದ್ಯಾರ್ಥಿಯು ಓದುವದನ್ನು ಬಿಟ್ಟು ಒಪ್ಪಿಸುವದನ್ನು ಕಲಿಯುತ್ತಾನೆ.

ಆದರೆ ನಿರ್ಭಿಡೆಯೆಂದರೆ ನಿಂದೆಯಲ್ಲ. ಅದರ ಮಾದರಿ ಕನ್ನಡದಲ್ಲಿಯೇ ಇದೆ. ನಂದಳಿಕೆಯ ಮುದ್ದಣನ ‘ರಾಮಾಶ್ವಮೇಧ’ದಲ್ಲಿ ಮನೋರಮೆಯು ಕಥೆ ಹೇಳುವ ಪತಿಯನ್ನು ತಡೆಯುತ್ತಾಳೆ, ತಿಳಿಯದ ಮಾತನ್ನು ತಿಳಿಯದೆಂದು ಹೇಳುತ್ತಾಳೆ, ಸಂಸ್ಕೃತದ ಭಾರಕ್ಕೆ ಆಕ್ಷೇಪಿಸುತ್ತಾಳೆ, ಆದರೆ ಎದ್ದು ಹೋಗುವದಿಲ್ಲ, ಮುಂದಿನ ಕಥೆಯನ್ನು ಕೇಳುತ್ತಾಳೆ. ಪ್ರೀತಿಯಿದ್ದಲ್ಲಿ ಆಕ್ಷೇಪಣೆಯು ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವು ನಮಗೆ ಬೇಕಾಗಿಲ್ಲ.

ಆದಕಾರಣ ಮೂರೂ ಊರುಗಳ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಗ್ರಂಥವನ್ನು ಕೊನೆಯವರೆಗೆ ಓದಿದ್ದೇವೆಯೋ ಇಲ್ಲವೋ ಎಂಬುದನ್ನು ಮೊದಲು ಹೇಳಿರಿ. ಗ್ರಂಥಕರ್ತನು ಏನು ಮಾಡಹೊರಟನೆಂಬುದನ್ನು ತಿಳಿದು ಆಮೇಲೆ ತೂಗಿರಿ. ಗುಣವಾಗಲಿ ದೋಷವಾಗಲಿ, ಪುಟ ತೋರಿಸಿ ಮಾತಾಡಿರಿ. ಊರು, ಜಾತಿ, ಸ್ನೇಹ ಇವುಗಳನ್ನು ತಕ್ಕಡಿಯಲ್ಲಿ ಇಡಬೇಡಿರಿ. ಮಾಸ್ತರರು ವಿದ್ಯಾರ್ಥಿಯ ಭಿನ್ನಾಭಿಪ್ರಾಯಕ್ಕೆ, ಅದು ಕಾರಣಸಹಿತವಾಗಿದ್ದರೆ, ಒಂದು ಗುಣ ಹೆಚ್ಚಾಗಿಯೇ ಕೊಡಲಿ.

ನಾಡಿನ ಗಡಿಗಳು ಕಾಯಿದೆಯಿಂದ ಒಂದಾದವು. ಧಾರವಾಡದ ಗ್ರಂಥವನ್ನು ಕುಮಟೆಯವನೂ, ಮೈಸೂರಿನ ಗ್ರಂಥವನ್ನು ಭಟ್ಕಳದವನೂ, ಕರ್ಕಿಯ ಗ್ರಂಥವನ್ನು ಕಲಬುರ್ಗಿಯವನೂ ಓದಿ, ಮನಸ್ಸಿನಲ್ಲಿದ್ದದ್ದನ್ನು ಅಂಜದೆ ಹೇಳಿ, ಹೇಳಿಸಿಕೊಂಡವನು ಅದನ್ನು ಸಿಟ್ಟಿಲ್ಲದೆ ಕೇಳುವ ದಿನವೇ ಮನಸ್ಸುಗಳ ಏಕೀಕರಣದ ದಿನ. ಆ ಕೆಲಸಕ್ಕೆ ಸರಕಾರದ ಅಪ್ಪಣೆ ಬೇಕಾಗಿಲ್ಲ; ಒಂದು ಪುಸ್ತಕವೂ ಒಂದು ನಿಜವಾದ ಮಾತೂ ಸಾಕು.